ಅಡಿಕೆ ಧಾರಣೆ ಎರಡು ಸಲ: ಲೋಕಲ್ ಚಾನೆಲ್‌ನಲ್ಲಿ ನನ್ನ ಅನುಭವ

ಶಿವಮೊಗ್ಗದ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ ನಾನು ವಾರ್ತೆ ಓದಲು ಶುರು ಮಾಡಿದ್ದು 2003ರಲ್ಲಿ. ಅದಕ್ಕೂ ಮೊದಲು ಎರಡು ವರ್ಷ ಭದ್ರಾವತಿ ಆಕಾಶವಾಣಿಯಲ್ಲಿ ಕ್ಯಾಶುಯಲ್ ಅನೌನ್ಸರ್ ಆಗಿದ್ದೆ. ಹಾಗಾಗಿ ಓದುವ ಬಗ್ಗೆ ಹೆದರಿಕೆ ಇರಲಿಲ್ಲ. ಉಚ್ಚಾರ ಸ್ವಚ್ಛ ಇದೆ, ದನಿ ನಡುಗುವುದಿಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ವಾರವೇ ಒಂದು ಫೋನ್ ಬಂತು. ವಾರ್ತೆ ಮುಗಿದು ಹತ್ತು ನಿಮಿಷ ಆಗಿತ್ತು ಅಷ್ಟೇ. ಆ ಕಡೆ ವಯಸ್ಸಾದ ದನಿ. "ತಂಗೀ, ಓದಿದ್ದೆಲ್ಲ ಚಂದ ಆಯ್ತು. ಆದ್ರೆ ಅಡಿಕೆ ರೇಟು ಬರ್ಕೊಳ್ಳೋಕೇ ಆಗ್ಲಿಲ್ಲ ಮಾರಾಯ್ತಿ. ಇನ್ನೊಂದ್ ಸಲ ಹೇಳ್ತೀಯಾ?"

ಫೋನಿನಲ್ಲೇ ಹೇಳಿದೆ. ಅವರು ಒಂದೊಂದೇ ಅಂಕಿಯನ್ನು ಬಾಯಲ್ಲಿ ತಿರುಗಿ ಹೇಳುತ್ತಾ ಬರೆದುಕೊಂಡರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ನನಗೆ ಕೇಳಿಸುತ್ತಿತ್ತು. ಅವರು ಬರೆಯುವ ವೇಗಕ್ಕೂ ನಾನು ಓದಿದ ವೇಗಕ್ಕೂ ಸಂಬಂಧವೇ ಇರಲಿಲ್ಲ. ಮರುದಿನದಿಂದ ಧಾರಣೆಯನ್ನು ನಿಧಾನವಾಗಿ, ಎರಡು ಸಲ ಓದಿದೆ. ಅದಕ್ಕೆ ಒಂದೂವರೆ ನಿಮಿಷ ಜಾಸ್ತಿ ಬೇಕಾಯಿತು. ಆ ಒಂದೂವರೆ ನಿಮಿಷಕ್ಕಾಗಿ ಒಂದು ಸುದ್ದಿ ಬಿಡಬೇಕಾಯಿತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾನು ಮಾಡಿದ ಮೊದಲ ತೀರ್ಮಾನ ಅದು. ಆಗ ಅದನ್ನು ಪ್ರೋಗ್ರಾಮಿಂಗ್ ಅಂತ ಕರೆಯುತ್ತಾರೆ ಎಂದೂ ನನಗೆ ಗೊತ್ತಿರಲಿಲ್ಲ.

ಅಡಿಕೆ ಹಾಳೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಪಿಎಂಸಿಯಿಂದ ಬರುವ ಹಾಳೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಬಗೆ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಅಂದರೆ ಹನ್ನೆರಡು ಅಂಕಿ. ಸಾಗರದ ಹಾಳೆ ಬಂದರೆ ಚಾಲಿ, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು ಎಲ್ಲ ಸೇರುತ್ತವೆ. ಎಲ್ಲವನ್ನೂ ಒಂದೇ ರಾಗದಲ್ಲಿ ಓದಿದರೆ ಕೇಳುವವರ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ.

ಶುರುವಿನಲ್ಲಿ ನಾವು ಗರಿಷ್ಠ ಬೆಲೆಯನ್ನು ಮೊದಲು ಓದುತ್ತಿದ್ದೆವು. ದೊಡ್ಡ ಅಂಕಿ ಕೇಳೋಕೆ ಚೆನ್ನಾಗಿರುತ್ತೆ ಅಲ್ವಾ. ಒಂದು ದಿನ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಆಫೀಸಿಗೆ ಬಂದರು. ಬೈಯಲಿಲ್ಲ, ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮ ರೇಟು ಕೇಳಿ ಗಾಡಿ ಮಾಡ್ಕೊಂಡು ಮೂಟೆ ತಂದೆ. ಅಷ್ಟು ಯಾರೂ ಕೊಡ್ಲಿಲ್ಲ. ವಾಪಸ್ ತಗೊಂಡು ಹೋಗೋಕೂ ಆಗಲ್ಲ" ಅಂದರು. ಕಾಫಿ ಕೊಟ್ಟೆವು. ಅವರು ಹೋದ ಮೇಲೆ ನಾನು ಎಪಿಎಂಸಿಗೆ ಹೋಗಿ ಮಂಡಿಯವರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಗರಿಷ್ಠ ಅಂದರೆ ಆ ದಿನ ಯಾವುದೋ ಒಂದು ಒಳ್ಳೆಯ ಲಾಟಿಗೆ ಸಿಕ್ಕಿದ ಬೆಲೆ. ಹೆಚ್ಚಿನವರಿಗೆ ಸಿಗುವುದು ಸರಾಸರಿಯ ಆಸುಪಾಸು. ನಾವು ಸುಳ್ಳು ಓದಿರಲಿಲ್ಲ. ಆದರೆ ಓದಿದ ಕ್ರಮದಿಂದ ಒಬ್ಬ ಮನುಷ್ಯನಿಗೆ ನಷ್ಟ ಆಗಿತ್ತು. ಅವತ್ತಿನಿಂದ ಸರಾಸರಿ ಮೊದಲು, ಆಮೇಲೆ ಕನಿಷ್ಠ, ಕೊನೆಗೆ ಗರಿಷ್ಠ. ಇವತ್ತಿಗೂ ಅದೇ ಕ್ರಮ.

ಆಗಿನ ಕೆಲಸದ ರೀತಿ ಈಗಿನವರಿಗೆ ಕಥೆಯ ಹಾಗೆ ಕಾಣಬಹುದು. ದುರ್ಗಿಗುಡಿಯ ಹತ್ತಿರ ಒಂದು ಮಹಡಿಯ ಮೇಲೆ ಎರಡು ರೂಮು. ಒಂದರಲ್ಲಿ ಎಡಿಟಿಂಗ್, ಇನ್ನೊಂದರಲ್ಲಿ ನೀಲಿ ಪರದೆ, ಎರಡು ಲೈಟು, ಒಂದು ಮೇಜು. ಫ್ಯಾನ್ ಹಾಕಿದರೆ ಮೈಕಿಗೆ ಸದ್ದು ಬರುತ್ತದೆ ಎಂದು ಫ್ಯಾನ್ ಇಲ್ಲ. ಟೆಲಿಪ್ರಾಂಪ್ಟರ್ ಇಲ್ಲ. ದಪ್ಪ ಅಕ್ಷರದಲ್ಲಿ ಕೈಯಲ್ಲೇ ಬರೆದ ಹಾಳೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ತಿರುಗಿಸಿದರೆ ಸರಪರ ಸದ್ದು. ವಾಕ್ಯವನ್ನು ಹಾಳೆಯ ಕೊನೆಯಲ್ಲಿ ಮುರಿಯಬಾರದು. ಮುಗಿಯದಿದ್ದರೆ ಇಡೀ ವಾಕ್ಯ ಮುಂದಿನ ಹಾಳೆಗೆ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಕೆಂಪು ಗೆರೆ. ಅಂಕಿಗಳನ್ನು ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. 47,999 ಅಂತ ಕಣ್ಣಿಗೆ ಬಿದ್ದರೆ ನಾಲಿಗೆ ತಡೆಯುತ್ತದೆ. 'ನಲವತ್ತೇಳು ಸಾವಿರದ ಒಂಬೈನೂರ ತೊಂಬತ್ತೊಂಬತ್ತು' ಎಂದು ಬರೆದುಕೊಂಡರೆ ನೀರು ಹರಿದ ಹಾಗೆ ಬರುತ್ತದೆ.

ಐದೂವರೆಗೆ ರೆಕಾರ್ಡಿಂಗ್ ಮುಗಿದರೆ ಕ್ಯಾಸೆಟ್ ಕಂಟ್ರೋಲ್ ರೂಮಿಗೆ ಹೋಗುತ್ತಿತ್ತು. ಇನ್ನೊಂದು ಕಾಪಿ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಕೈಗೆ. ಅಲ್ಲಿನ ಕೇಬಲ್‌ನವರು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ರಾತ್ರಿ ಹಾಕುತ್ತಿದ್ದರು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ನಮ್ಮ ಸುದ್ದಿ ಮರುದಿನ ಬೆಳಿಗ್ಗೆ ತಲುಪುತ್ತಿತ್ತು.

ಇನ್ನು ಲೆಕ್ಕದ ವಿಷಯ. ನಮ್ಮನ್ನು ಎಷ್ಟು ಜನ ನೋಡುತ್ತಾರೆ? ಜಾಹೀರಾತು ಕೊಡುವ ಬಟ್ಟೆ ಅಂಗಡಿಯವರೂ ಕೇಳುತ್ತಿದ್ದರು, ನಮ್ಮ ಮಾಲೀಕರೂ ಕೇಳುತ್ತಿದ್ದರು. ನಮ್ಮಂಥ ಕೇಬಲ್ ಚಾನೆಲ್‌ಗೆ ಟಿಆರ್‌ಪಿ ಅನ್ನುವುದೇ ಇಲ್ಲ. ಹಾಗಾಗಿ ನಾವೇ ದಾರಿ ಹುಡುಕಿಕೊಳ್ಳಬೇಕಾಯಿತು.

ಮೊದಲು ಒಂದು ರಿಜಿಸ್ಟರ್ ಇಟ್ಟೆ. ಫೋನ್ ಪಕ್ಕದಲ್ಲಿ, ದಾರ ಕಟ್ಟಿದ ಪೆನ್ನಿನ ಜೊತೆ. ಯಾರು ಕರೆ ಎತ್ತಿದರೂ ಸಮಯ, ಊರು, ಕೇಳಿದ್ದು ಏನು ಎಂದು ಬರೆಯಬೇಕು. ಹೆಸರು ಬೇಡ. ಎರಡು ತಿಂಗಳಲ್ಲಿ ಒಂದು ಚಿತ್ರ ಕಾಣಿಸತೊಡಗಿತು. ಅಡಿಕೆ ಧಾರಣೆ, ನಿಧನ ವಾರ್ತೆ, ಕರೆಂಟ್ ಯಾವಾಗ ಬರುತ್ತದೆ, ಶಾಲೆಗೆ ರಜೆ ಇದೆಯಾ. ಈ ನಾಲ್ಕಕ್ಕೇ ಹೆಚ್ಚು ಕರೆ. ನಾವು ತುಂಬಾ ಕಷ್ಟಪಟ್ಟು ಮಾಡುತ್ತಿದ್ದ ರಾಜಕೀಯ ಸಭೆಗಳ ಸುದ್ದಿ ಕೇಳಿ ಯಾರೂ ಫೋನ್ ಮಾಡಿರಲಿಲ್ಲ, ಸಭೆ ನಡೆಸಿದವರನ್ನು ಬಿಟ್ಟು.

ಎರಡನೆಯದು, ತಿಂಗಳ ದುಡ್ಡು ವಸೂಲಿಗೆ ಮನೆಮನೆಗೆ ಹೋಗುವ ಕೇಬಲ್ ಹುಡುಗರು. ಅವರಿಗೆ ಮೊದಲು "ನಮ್ಮ ವಾರ್ತೆ ನೋಡ್ತೀರಾ ಅಂತ ಕೇಳಿ" ಎಂದಿದ್ದೆ. ಎಲ್ಲರೂ ಹೌದು ಅಂದರು. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವ ಅಭ್ಯಾಸ ನಮ್ಮ ಕಡೆ ಇಲ್ಲ. ಆಮೇಲೆ ಪ್ರಶ್ನೆ ಬದಲಿಸಿದೆವು: "ನಿನ್ನೆ ರಾತ್ರಿ ಏಳೂವರೆಗೆ ಟಿವಿಯಲ್ಲಿ ಎಂತ ಇತ್ತು?" ಉತ್ತರ ಪೂರ್ತಿ ಬೇರೆಯೇ ಬಂತು. ಏಳೂವರೆಗೆ ಹೆಚ್ಚಿನ ಮನೆಗಳಲ್ಲಿ ಸೀರಿಯಲ್ ಇತ್ತು. ಮನೆಯಲ್ಲಿ ಒಂದೇ ಟಿವಿ. ರಿಮೋಟ್ ಹೆಂಗಸರ ಕೈಯಲ್ಲಿ. ಇಡೀ ದಿನ ದುಡಿದು ಅರ್ಧ ಗಂಟೆ ಕೂರುವವರ ಕೈಯಿಂದ ಅದನ್ನು ಕಿತ್ತುಕೊಂಡು ಅಡಿಕೆ ರೇಟು ನೋಡಿ ಎನ್ನುವುದು ನ್ಯಾಯ ಅಲ್ಲ ಅಂತ ನನಗೆ ಅನ್ನಿಸಿತು.

ಹಾಗಾದರೆ ಎಲ್ಲಿ ಹಾಕುವುದು? ನಾನು ಮತ್ತು ನಮ್ಮ ಎಡಿಟರ್ ಎರಡು ವಾರ ಒಂದು ಕೆಲಸ ಮಾಡಿದೆವು. ಸಂಜೆ ಆರೂವರೆಯಿಂದ ಒಂಬತ್ತರ ತನಕ ಎರಡು ಟಿವಿ ಇಟ್ಟುಕೊಂಡು, ಹೆಚ್ಚು ಜನ ನೋಡುವ ಸೀರಿಯಲ್‌ಗಳ ಬ್ರೇಕ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗಡಿಯಾರ ನೋಡಿ ಬರೆದೆವು. ಅದು ನಿಮಿಷ ತಪ್ಪದೆ ಬರುವುದಿಲ್ಲ. ಆದರೆ ಅರ್ಧ ಗಂಟೆಯ ಸೀರಿಯಲ್‌ನಲ್ಲಿ ಸುಮಾರು ಯಾವ ನಿಮಿಷದಿಂದ ಯಾವ ನಿಮಿಷದೊಳಗೆ ಮೊದಲ ಬ್ರೇಕ್ ಬೀಳುತ್ತದೆ ಎಂಬ ಅಂದಾಜು ಸಿಕ್ಕಿತು. ಆ ಹೊತ್ತಿಗೆ ಸರಿಯಾಗಿ ನಮ್ಮ ಚಾನೆಲ್‌ನಲ್ಲಿ ನಾಲ್ಕು ನಿಮಿಷದ ಧಾರಣೆ ಹಾಕಿದೆವು. ಮೊದಲ ಸಲ ಓದುವಾಗ ಅಂಕಿ ಪರದೆಯ ಮೇಲೆ, ಎರಡನೇ ಸಲ ಓದುವಾಗಲೂ ಪರದೆಯ ಮೇಲೆ. ನನ್ನ ಮುಖ ಬೇಡ ಅಂದೆ. ಮುಖ ನೋಡಿ ಯಾರೂ ಅಡಿಕೆ ಮಾರುವುದಿಲ್ಲ. ಪೂರ್ತಿ ವಾರ್ತೆಯನ್ನು ಸೀರಿಯಲ್ ಶುರುವಾಗುವ ಮೊದಲು, ಆರು ಗಂಟೆ ಹತ್ತು ನಿಮಿಷಕ್ಕೆ ತಂದೆವು. ರಾತ್ರಿ ಹತ್ತಕ್ಕೆ ಮರುಪ್ರಸಾರ.

ಮುಂದಿನ ತಿಂಗಳು ಕೇಬಲ್ ಹುಡುಗರು ತಂದ ಉತ್ತರದಲ್ಲಿ ಹೊಸ ಮಾತು ಸೇರಿತ್ತು. "ಬ್ರೇಕಿನಲ್ಲಿ ಯಜಮಾನ್ರು ಅಡಿಕೆ ರೇಟು ಹಾಕಿಸ್ಕೊಳ್ತಾರೆ." ಆ ಸಾಲನ್ನು ರಿಜಿಸ್ಟರಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಮೂರನೆಯ ಅಳತೆ ನಾವು ಹುಡುಕಿದ್ದಲ್ಲ, ತಾನಾಗಿ ಸಿಕ್ಕಿದ್ದು. ಒಂದು ಸಂಜೆ ಕೇಬಲ್ ಕಟ್ ಆಗಿ ವಾರ್ತೆ ಹನ್ನೆರಡು ನಿಮಿಷ ಬರಲಿಲ್ಲ. ಫೋನ್ ಇಳಿಸಲು ಬಿಡುವಿರಲಿಲ್ಲ. ಬಂದಾಗ ನೋಡುವವರು ಯಾರು ಎಂದು ತಿಳಿಯುವುದು ಕಷ್ಟ. ಬರದೇ ಇದ್ದಾಗ ಹುಡುಕುವವರು ಯಾರು ಎಂದು ತಿಳಿಯುವುದು ಸುಲಭ. ಅವತ್ತು ವಿನೋಬನಗರದಿಂದ, ಗೋಪಾಳದಿಂದ, ನಾವು ತಲುಪುತ್ತೇವೆ ಎಂದೇ ಗೊತ್ತಿರದಿದ್ದ ಹಳ್ಳಿಗಳಿಂದ ಕರೆ ಬಂದವು. ಜಾಹೀರಾತಿನವರಿಗೆ ಆ ಪುಟವನ್ನೇ ತೋರಿಸಿದೆವು.

ನಿಧನ ವಾರ್ತೆಯ ಬಗ್ಗೆ ಒಂದು ಮಾತು. ಅದು ವಾರ್ತೆಯ ಕೊನೆಗೆ ಇರುತ್ತಿತ್ತು. ಯಾಕೆಂದರೆ ಅದಕ್ಕಾಗಿ ಜನ ಕೊನೆಯ ತನಕ ಕೂರುತ್ತಾರೆ. ಇದು ನಮ್ಮ ಊರಿನಲ್ಲಿ ಹೊಸದಾಗಿ ಹುಟ್ಟಿದ ಉಪಾಯ ಅಲ್ಲ, ಎಲ್ಲ ಕಡೆ ಬೇಕಾದ್ದನ್ನು ಕೊನೆಗೆ ಇಡುತ್ತಾರೆ. ಒಂದು ದಿನ ನಾನು ಕೋಡೂರು ಎಂದು ಓದಬೇಕಾದ ಕಡೆ ಕೋಣಂದೂರು ಎಂದು ಓದಿಬಿಟ್ಟೆ. ಒಂದು ಹೊಸನಗರ ತಾಲ್ಲೂಕು, ಇನ್ನೊಂದು ತೀರ್ಥಹಳ್ಳಿ ತಾಲ್ಲೂಕು. ಕೋಣಂದೂರಿನಲ್ಲಿ ಅದೇ ಹೆಸರಿನ ಹಿರಿಯರೊಬ್ಬರು ಇದ್ದರು, ಆರೋಗ್ಯವಾಗಿ. ಅವರ ಮಗಳು ಬೇರೆ ಊರಿನಿಂದ ಅಳುತ್ತಾ ಹೊರಟು, ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದು, ಅಪ್ಪ ಜಗಲಿಯಲ್ಲಿ ಕೂತಿದ್ದನ್ನು ನೋಡಿದ್ದಾರೆ. ಆ ಎರಡು ಗಂಟೆಯನ್ನು ನಾನು ಯಾರಿಗೂ ವಾಪಸ್ ಕೊಡಲು ಆಗಲಿಲ್ಲ. ಮರುದಿನ ಪರದೆಯ ಮೇಲೆ ನಾನೇ ಕೂತು ಕ್ಷಮೆ ಕೇಳಿದೆ. ಅವರ ಮನೆಗೂ ಹೋಗಿ ಬಂದೆ. ಅಲ್ಲಿಂದ ಮುಂದೆ ನಿಧನ ವಾರ್ತೆಯನ್ನು ಕೊನೆಯಿಂದ ತೆಗೆದು ಒಂದು ನಿಗದಿತ ಹೊತ್ತಿಗೆ ಇಟ್ಟೆ. ಊರು, ತಾಲ್ಲೂಕು, ಮನೆತನ ಮೂರನ್ನೂ ಹೇಳುವುದು ಕಡ್ಡಾಯ. ಬರೆದು ಕೊಟ್ಟವರ ಮನೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳದೆ ಓದುವಂತಿಲ್ಲ. ಸಾವಿನ ಸುದ್ದಿಯನ್ನು ತೋರಿಸಿ ಜನರನ್ನು ಕೂರಿಸಿಕೊಳ್ಳುವುದು ಬೇಡ ಎಂದು ಅವತ್ತು ಮಾಲೀಕರಿಗೆ ಖಡಾಖಂಡಿತ ಹೇಳಿದೆ. ಅವರು ಒಪ್ಪಿದರು.

ಅಷ್ಟರಲ್ಲಿ ಬೆಂಗಳೂರಿನ ಇಪ್ಪತ್ತನಾಲ್ಕು ಗಂಟೆಯ ಚಾನೆಲ್‌ಗಳ ಕಾಲ ಬಂದಿತ್ತು. 2006ರ ಕೊನೆಗೆ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ. ನಮ್ಮಲ್ಲೂ ಕೆಂಪು ಪಟ್ಟಿ, ದಡಬಡ ಸಂಗೀತ, ಬ್ರೇಕಿಂಗ್ ಬೇಕು ಎಂಬ ಒತ್ತಾಯ ಶುರುವಾಯಿತು. ಒಂದು ತಿಂಗಳು ಮಾಡಿ ನೋಡಿದೆವು. ರಿಜಿಸ್ಟರಿನಲ್ಲಿ ಒಂದೇ ಬಗೆಯ ಕರೆ ತುಂಬಿಹೋಯಿತು: "ಎಂತ ಆಯ್ತು? ಎಲ್ಲಿ ಆಯ್ತು? ನಮ್ಮ ಹುಡುಗ ಆ ಕಡೆನೇ ಹೋಗಿದಾನೆ." ಬೆಂಗಳೂರಿನ ಸುದ್ದಿ ಇಲ್ಲಿನವರಿಗೆ ದೂರದ್ದು, ನೋಡಿ ಮರೆಯಬಹುದು. ನಮ್ಮ ಸುದ್ದಿ ಪಕ್ಕದ ಬೀದಿಯದು. ಅದಕ್ಕೆ ಸಂಗೀತ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ. ಪಟ್ಟಿ ತೆಗೆದೆವು.

2015ರ ಡಿಸೆಂಬರ್ ಹೊತ್ತಿಗೆ ನಗರಗಳ ಕೇಬಲ್ ಎಲ್ಲ ಡಿಜಿಟಲ್ ಆಗಬೇಕಿತ್ತು. ಸೆಟ್‌ಟಾಪ್ ಬಾಕ್ಸ್ ಬಂತು. ಒಂದಂಕಿಯಲ್ಲಿ ಸಿಗುತ್ತಿದ್ದ ನಮ್ಮ ಚಾನೆಲ್ ಮೂರಂಕಿಯ ನಂಬರಿಗೆ ಹೋಯಿತು. ವಯಸ್ಸಾದವರಿಗೆ ನಾವು ಕಳೆದೇ ಹೋದೆವು. ಬಾಕ್ಸ್ ಕೂರಿಸಲು ಹೋಗುವ ಹುಡುಗರ ಕೈಯಲ್ಲಿ ಸ್ಟಿಕ್ಕರ್ ಕೊಟ್ಟು, ನಮ್ಮ ನಂಬರನ್ನು ರಿಮೋಟಿನ ಹಿಂದೆ ಅಂಟಿಸಲು ಹೇಳಿದೆ. ಖರ್ಚು ಸಣ್ಣದು, ಕೆಲಸ ದೊಡ್ಡದಾಗಿಯೇ ಆಯಿತು.

ಮರುವರ್ಷ ನಾನು ಬೆಂಗಳೂರಿನ ಒಂದು ನ್ಯೂಸ್ ಚಾನೆಲ್‌ನ ಬುಲೆಟಿನ್ ಡೆಸ್ಕಿಗೆ ಹೋದೆ. ಟಿಆರ್‌ಪಿಯನ್ನು ಹತ್ತಿರದಿಂದ ನೋಡಿದ್ದು ಅಲ್ಲೇ. 2015ರಿಂದ ಆ ಲೆಕ್ಕ ಬಾರ್ಕ್ ಇಂಡಿಯಾ ಎಂಬ ಸಂಸ್ಥೆಯದ್ದು. ಆ ಲೆಕ್ಕಕ್ಕೆ ಸೇರಿದ ಪ್ರತಿ ಚಾನೆಲ್‌ನ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಆ ಗುರುತನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತವರು ತಮ್ಮ ಬಟನ್ ಒತ್ತಬೇಕು. ಯಾವ ವಯಸ್ಸಿನವರು ಯಾವ ನಿಮಿಷದಲ್ಲಿ ಏನು ನೋಡಿದರು ಎಂದು ಹಾಗೆ ಗೊತ್ತಾಗುತ್ತದೆ. ಅಂಕಿ ಬರುವುದು ಪ್ರತಿ ಗುರುವಾರ.

ಗುರುವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಲಿಫ್ಟಿನಲ್ಲೇ ಗೊತ್ತಾಗುತ್ತಿತ್ತು ಅಂಕಿ ಹೇಗಿದೆ ಅಂತ. ಮೀಟಿಂಗಿನಲ್ಲಿ ಗೋಡೆಯ ಮೇಲೆ ಗ್ರಾಫ್. ಏರಿದ ನಿಮಿಷದಲ್ಲಿ ಯಾವ ಸುದ್ದಿ ಇತ್ತು, ಇಳಿದ ನಿಮಿಷದಲ್ಲಿ ಯಾವುದು. ಇಳಿದದ್ದಕ್ಕೆ ಕತ್ತರಿ. ಆ ಹೊತ್ತಿಗೆ ಎದುರಿನ ಚಾನೆಲ್‌ನಲ್ಲಿ ಏನಿತ್ತು, ಕ್ರಿಕೆಟ್ ಇತ್ತಾ ಎಂದು ನೋಡುವಷ್ಟು ವ್ಯವಧಾನ ಇರುತ್ತಿರಲಿಲ್ಲ. ಒಂದು ಸಲ ಮಲೆನಾಡಿನ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ವರದಿ ಮಾಡಿಸಿದ್ದೆ. ಮಳೆ ಬಿಡದೆ ಬೋರ್ಡೋ ಔಷಧಿ ಹೊಡೆಯಲು ಆಗದೆ ಅಡಿಕೆ ಗೊನೆಗಳೇ ಉದುರಿದ ತೋಟಗಳು. "ಆ ಕಡೆ ಎಷ್ಟು ಮೀಟರ್ ಇದೆ?" ಅಂದರು ಮೇಲಿನವರು. ವರದಿ ನಲವತ್ತು ಸೆಕೆಂಡಿಗೆ ಇಳಿಯಿತು.

ನನಗೆ ಅದು ಇವತ್ತಿಗೂ ನೋವು. ಯಾಕೆಂದರೆ ಮೀಟರ್ ಎಲ್ಲಿದೆ ಎಂಬುದು ಗುಟ್ಟು, ಚಾನೆಲ್‌ನವರಿಗೆ ಗೊತ್ತಾಗಬಾರದು ಎಂಬುದೇ ನಿಯಮ. 2015ರ ಅಕ್ಟೋಬರ್‌ನಿಂದ ಹಳ್ಳಿಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಗೊತ್ತಿಲ್ಲದ ವಿಷಯದ ಮೇಲೆ ಗೊತ್ತಿದೆ ಎಂಬ ಹಾಗೆ ತೀರ್ಮಾನ ಮಾಡಿದ್ದರು. ನಾನು ಲೆಕ್ಕವನ್ನೇ ಬೇಡ ಎನ್ನುವವಳಲ್ಲ. ಅನ್ನ ಬೆಂದಿದೆಯಾ ಎಂದು ನೋಡಲು ಇಡೀ ಪಾತ್ರೆ ಬಗ್ಗಿಸುವುದಿಲ್ಲ, ಒಂದು ಅಗುಳು ಹಿಸುಕುತ್ತೇವೆ. 2020ರ ಹೊತ್ತಿಗೆ ದೇಶದ 21 ಕೋಟಿ ಟಿವಿ ಮನೆಗಳ ಪರವಾಗಿ ಸುಮಾರು 44,000 ಮನೆಗಳಲ್ಲಿ ಮೀಟರ್ ಇತ್ತು. ಇಡೀ ದೇಶ ಯಾವ ಸೀರಿಯಲ್ ನೋಡುತ್ತಿದೆ ಎಂದು ತಿಳಿಯಲು ಅದು ಸಾಕಾಗಬಹುದು. ಆದರೆ ಕನ್ನಡ, ಅದರಲ್ಲಿ ನ್ಯೂಸ್, ಅದರಲ್ಲಿ ಒಂದು ಸಂಜೆಯ ಒಂದು ನಿಮಿಷ ಎಂದು ಹೋಳು ಮಾಡುತ್ತಾ ಹೋದರೆ ಕೈಯಲ್ಲಿ ಉಳಿಯುವುದು ಎಷ್ಟು ಅಗುಳು? ಅಷ್ಟರಲ್ಲಿ ಎರಡು ಮನೆಯವರು ಎದ್ದು ಊಟಕ್ಕೆ ಹೋದರೂ ಗೋಡೆಯ ಮೇಲಿನ ಗ್ರಾಫ್ ಬಾಗುತ್ತದೆ. ಅದಕ್ಕೆ ಒಂದು ಸುದ್ದಿ ಸಾಯುತ್ತದೆ.

ಕೇಬಲ್‌ನಲ್ಲಿ ಬೆಳೆದವಳಾದ್ದರಿಂದ ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಹಾಕಿದ ಕೂಡಲೇ ತಾನಾಗಿ ಬರುವ ಒಂದು ಚಾನೆಲ್ ಇರುತ್ತದೆ. ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ. ಆ ಜಾಗಕ್ಕೆ ಚಾನೆಲ್‌ಗಳು ಕೇಬಲ್ ಕಂಪನಿಗಳಿಗೆ ದುಡ್ಡು ಕೊಡುತ್ತವೆ. ಜನ ರಿಮೋಟ್ ಹುಡುಕುವಷ್ಟರಲ್ಲಿ ಎಷ್ಟೋ ಸೆಕೆಂಡು ಆ ಚಾನೆಲ್ ಓಡಿರುತ್ತದೆ. ಓಡಿದ್ದನ್ನು ನೋಡಿದ್ದು ಅನ್ನಲು ಆಗುತ್ತದಾ? ಇದರ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿದೆ.

2018ರಲ್ಲಿ ವಾಪಸ್ ಬಂದೆ. ಹಳೆಯ ರಿಜಿಸ್ಟರ್ ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ಒರೆಸಿ ಮತ್ತೆ ಫೋನ್ ಪಕ್ಕ ಇಟ್ಟೆ.

2019ರ ಜನವರಿಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಜೋರಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಆ ಕಾಡಿನ ಹೆಸರಿನಲ್ಲೇ ಜಗತ್ತಿಗೆ ಗೊತ್ತು. ನಮ್ಮ ಸಂಜೆಯ ವಾರ್ತೆಯಲ್ಲಿ ದಿನಾ ಹೇಳುತ್ತಿದ್ದೆವು. ಕಾಡಿಗೆ ಹೋಗುವವರು ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಕಾಯಿಲೆ ಹರಡುವ ಉಣುಗು ಹುಳ ಕಚ್ಚದ ಹಾಗೆ ಮೈ ಮುಚ್ಚುವ ಬಟ್ಟೆ ಹಾಕಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಆಮೇಲೆ ಒಬ್ಬ ಆಶಾ ಕಾರ್ಯಕರ್ತೆ ಫೋನ್ ಮಾಡಿ ಹೇಳಿದ ಮಾತು ನನ್ನ ಕಣ್ಣು ತೆರೆಸಿತು. "ಅಕ್ಕಾ, ಸಂಜೆ ಕೇಳಿದ್ದು ಬೆಳಿಗ್ಗೆ ಕತ್ತಿ ಹಿಡ್ಕೊಂಡು ಹೊರಡುವಾಗ ನೆನಪಿರಲ್ಲ." ದರಗು ಅಂದರೆ ಒಣ ಎಲೆ ತರಲು, ಸೌದೆಗೆ ಜನ ಹೊರಡುವುದು ಬೆಳಿಗ್ಗೆ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಎರಡು ನಿಮಿಷದ ಒಂದು ಸೂಚನೆ ಶುರು ಮಾಡಿದೆವು. ಆ ಹೊತ್ತಿಗೆ ಟಿವಿಯಲ್ಲಿ ದೇವರ ಹಾಡು ಹಾಕಿರುತ್ತಾರೆ. ನಾವೂ ಹಾಡು ಹಾಕಿ, ಎರಡು ಹಾಡಿನ ನಡುವೆ ಸೂಚನೆ ಇಟ್ಟೆವು. ಜಾಹೀರಾತಿನ ದೃಷ್ಟಿಯಿಂದ ಆ ಹೊತ್ತಿಗೆ ಕಾಸಿನ ಬೆಲೆ ಇಲ್ಲ. ನಾನು ಮಾಡಿದ ಕಾರ್ಯಕ್ರಮಗಳಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟಿದ್ದು ಆ ಎರಡು ನಿಮಿಷ.

ಅದೇ ವರ್ಷ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಊರೊಳಗೆ ಬಂದಳು. ಗಾಜನೂರು ಅಣೆಕಟ್ಟಿನಿಂದ ಇಷ್ಟು ಸಾವಿರ ಕ್ಯುಸೆಕ್ ನೀರು ಬಿಟ್ಟಿದ್ದಾರೆ ಎಂದು ಓದುತ್ತಿದ್ದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಇದನ್ನು ವಿವರಿಸಿ ಹೇಳಿದರೂ ಯಾರಿಗೂ ಪ್ರಯೋಜನ ಇಲ್ಲ. ತಗ್ಗಿನ ಬೀದಿಯಲ್ಲಿ ಇರುವವರಿಗೆ ಬೇಕಾದ್ದು ಒಂದೇ: ಮನೆ ಬಿಡಬೇಕಾ, ಬೇಡ್ವಾ? ಶಿವಮೊಗ್ಗದವರಿಗೆ ಹೊಳೆಯ ಅಳತೆ ಎಂದರೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ. ಅದು ಮುಳುಗಿತು ಅಂದರೆ ಹೊಳೆ ತುಂಬಿತು ಅಂತ ಮಕ್ಕಳಿಗೂ ಗೊತ್ತು. ರಾತ್ರಿಯ ಸಿನಿಮಾ ನಿಲ್ಲಿಸಿ, ದಡದ ಒಂದು ಮನೆಯ ಮಹಡಿಯಿಂದ ಕ್ಯಾಮೆರಾವನ್ನು ಹೊಳೆಯ ಕಡೆ ತಿರುಗಿಸಿ ಇಟ್ಟೆವು. ಸಂಗೀತ ಇಲ್ಲ, ಮಾತಿಲ್ಲ. ಬರೀ ನೀರು ಮತ್ತು ಮಳೆಯ ಸದ್ದು. ಅರ್ಧ ಗಂಟೆಗೊಮ್ಮೆ ಮಾತ್ರ ನಾನು ಬಂದು ಗಾಜನೂರಿನ ಅಂಕಿ, ನೀರು ಯಾವ ಬೀದಿಯ ಎಷ್ಟನೇ ಮೆಟ್ಟಿಲಿಗೆ ಬಂದಿದೆ, ಗಂಜಿ ಕೇಂದ್ರ ಎಲ್ಲಿದೆ, ಇಷ್ಟನ್ನು ಹೇಳಿ ಹೋಗುತ್ತಿದ್ದೆ. ಮಳೆಯ ಅಂಕಿಯನ್ನೂ ಅವತ್ತಿನಿಂದ ಮಿಲಿಮೀಟರ್ ಜೊತೆ ಇಂಚಿನಲ್ಲೂ ಹೇಳುವ ರೂಢಿ ಮಾಡಿಕೊಂಡೆ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆಯಲ್ಲಿ 200 ಮಿಲಿಮೀಟರ್ ಅಂದರೆ ತೋಟದವರು ಸುಮ್ನೆ ಕೇಳುತ್ತಾರೆ. "ಎಂಟು ಇಂಚು" ಅಂದರೆ ಎದ್ದು ಕೂರುತ್ತಾರೆ.

ಇನ್ನೊಂದು ರಾತ್ರಿ 2021ರ ಜನವರಿ 21. ಹತ್ತೂ ಇಪ್ಪತ್ತರ ಸುಮಾರಿಗೆ ಕಿಟಕಿ ಗಾಜು ಗಡಗಡ ಅಂದವು. ಊರಿಗೆ ಊರೇ ಬೀದಿಗೆ ಬಂತು. ಎಲ್ಲರ ಬಾಯಲ್ಲೂ ಭೂಕಂಪ. ನಾನು ಆಫೀಸಿಗೆ ಓಡಿದೆ. ಪರದೆಯ ಮೇಲೆ ಹಾಕಿದ್ದು ಎರಡೇ ಸಾಲು: "ಜಿಲ್ಲೆಯ ಹಲವು ಕಡೆ ಭಾರಿ ಶಬ್ದ ಮತ್ತು ಕಂಪನ. ಕಾರಣ ಇನ್ನೂ ಗೊತ್ತಾಗಿಲ್ಲ." ಅಬ್ಬಲಗೆರೆ ಹತ್ತಿರದ ಹುಣಸೋಡಿನ ಕ್ವಾರಿಯಲ್ಲಿ ಸ್ಫೋಟ ಆಗಿದೆ ಎಂದು ತಿಳಿಯುತ್ತಲೇ ಅದನ್ನು ಹಾಕಿದೆವು. ಸತ್ತವರು ಎಷ್ಟು ಎಂಬ ಅಂಕಿ ಮಾತ್ರ ಹಾಕಲಿಲ್ಲ. ಬೇರೆ ಕಡೆಯೆಲ್ಲ ಅಂಕಿ ಏರುತ್ತಲೇ ಇತ್ತು. ನಮ್ಮ ಹುಡುಗರು "ಮೇಡಂ, ಎಲ್ರೂ ಹಾಕ್ತಿದಾರೆ, ನಾವೊಬ್ರೇ ಹಿಂದೆ" ಅಂದರು. ಕೋಣಂದೂರಿನ ಆ ಮಗಳು ನನ್ನ ತಲೆಯಲ್ಲಿ ಇದ್ದಳು. ಲೆಕ್ಕ ಹಾಕಿದವರು ಹೇಳುವ ತನಕ ಬೇಡ ಅಂದೆ. ಕೊನೆಗೆ ಖಚಿತವಾದ ಸಂಖ್ಯೆ ಆ ರಾತ್ರಿ ಹರಡಿದ್ದಕ್ಕಿಂತ ಕಡಿಮೆ ಇತ್ತು.

ಆ ರಾತ್ರಿಯ ಬಗ್ಗೆ ಇನ್ನೊಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಮುಂಬೈಯಲ್ಲಿ ಟಿಆರ್‌ಪಿ ತಿದ್ದಿದ ಆರೋಪದ ಪ್ರಕರಣ ಹೊರಬಂದ ಮೇಲೆ, 2020ರ ಅಕ್ಟೋಬರ್‌ನಿಂದ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಕೊಡುವುದನ್ನೇ ಬಾರ್ಕ್ ನಿಲ್ಲಿಸಿತ್ತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿಯಾಗಿ. ಅಂದರೆ ಹುಣಸೋಡಿನ ರಾತ್ರಿ ಯಾರಿಗೂ ಗುರುವಾರದ ಅಂಕಿ ಬರುವುದಿರಲಿಲ್ಲ. ಆದರೂ ಓಟ ನಿಂತಿರಲಿಲ್ಲ. ಅಂಕಿಗಾಗಿ ಓಡುತ್ತಿದ್ದೇವೆ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ಅಂಕಿ ಇಲ್ಲದಾಗಲೂ ಕಾಲು ತಾನಾಗಿ ಓಡುತ್ತಿತ್ತು.

ಈಗ ನಮ್ಮ ವಾರ್ತೆ ಯೂಟ್ಯೂಬಿನಲ್ಲೂ ಲೈವ್ ಬರುತ್ತದೆ. ಓದುವುದು ಈಗ ಹೊಸ ಹುಡುಗಿ. ದನಿ ನನಗಿಂತ ಚೆನ್ನಾಗಿದೆ. ಆದರೆ ಮೊದಲ ದಿನಗಳಲ್ಲಿ ಅವಳ ಕಣ್ಣು ಪದೇಪದೇ ಎಡಕ್ಕೆ ಹೋಗುತ್ತಿತ್ತು. ನೋಡಿದರೆ, ಮಾನಿಟರ್‌ನ ಮೂಲೆಯಲ್ಲಿ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಸಂಖ್ಯೆ. ಅದು ಇಳಿದರೆ ಅವಳು ವೇಗ ಹೆಚ್ಚಿಸುತ್ತಿದ್ದಳು. ಆ ಮೂಲೆಗೆ ಒಂದು ತುಂಡು ರಟ್ಟು ಅಂಟಿಸಿದೆ. ಓದು ಮುಗಿದ ಮೇಲೆ ತೆಗೆದು ನೋಡು, ಓದುವಾಗ ಬೇಡ ಅಂದೆ.

ಇನ್ನೊಂದು ದಿನ ಕೇಳಿದಳು. "ಮೇಡಂ, ಬೇಕಾದ್ರೆ ಹಿಂದೆ ಎಳ್ಕೊಂಡು ನೋಡ್ಬಹುದಲ್ಲ, ಧಾರಣೆ ಎರಡು ಸಲ ಯಾಕೆ?" ನಾನು ಉತ್ತರ ಹೇಳಲಿಲ್ಲ. ಅವತ್ತು ಫೋನ್ ಪಕ್ಕ ಅವಳನ್ನೇ ಕೂರಿಸಿದೆ.

ಮಳೆಗೆ ಕರೆಂಟ್ ಹೋಗಿತ್ತು. ಇನ್ವರ್ಟರ್ ಕೈಕೊಟ್ಟು ವಾರ್ತೆ ಹತ್ತು ನಿಮಿಷ ತಡವಾಯಿತು. ಮೊದಲ ಕರೆ ಎರಡೇ ನಿಮಿಷಕ್ಕೆ ಬಂತು. ಅವಳು ಸ್ಪೀಕರ್ ಹಾಕಿದಳು. "ಅಮ್ಮಾ, ಇವತ್ತು ಅಡಿಕೆ ಹೇಳಲ್ವಾ? ನಂಗೆ ಈ ಮೊಬೈಲ್ ಎಲ್ಲ ಬರಲ್ಲ. ಪುಸ್ತಕ ಹಿಡ್ಕೊಂಡ್ ಕೂತಿದೀನಿ." ಅವಳು ಹಾಳೆ ಎಳೆದುಕೊಂಡು ರಾಶಿಯ ಸರಾಸರಿಯಿಂದ ಶುರು ಮಾಡಿದಳು. ಆ ಕಡೆಯಿಂದ ಒಂದೊಂದು ಅಂಕಿಯೂ ತಿರುಗಿ ಬರುತ್ತಿತ್ತು. ಮುಗಿದ ಮೇಲೆ ರಿಜಿಸ್ಟರ್ ತೆರೆದು ಸಮಯ ಬರೆದಳು. "ಯಜಮಾನ್ರೇ, ಯಾವೂರು ನಿಮ್ದು?" ಎಂದು ಕೇಳಿ, ಅವರು ಕಟ್ಟೆಹಕ್ಕಲು ಅಂದದ್ದನ್ನು ಅದರ ಮುಂದೆ ಬರೆದುಕೊಂಡಳು. ಅಷ್ಟರಲ್ಲಿ ಇನ್ನೊಂದು ಕರೆ ಹೊಡೆದುಕೊಳ್ಳುತ್ತಿತ್ತು.